ಲೆಕ್ಕದ ಮೇಡಂ ಕಾರಿನ ನಡುಕ

ಎಂಜಿನ್ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಲ್ಯಾಪ್‌ಟಾಪಿನ ಮಾತನ್ನಂತೂ ಕೇಳುವುದೇ ಇಲ್ಲ. ಬಾನೆಟ್ ಎತ್ತಿ, ಗಾಳಿ ಒಳಹೋಗುವ ಕೊಳವೆಯ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿದರೆ ಸಾಕು. ಯಾವ ಸಿಲಿಂಡರ್ ಸೋಮಾರಿ, ಯಾವ ಪ್ಲಗ್ ಕಳ್ಳ ಎಂದು ಹೇಳಿಬಿಡುತ್ತೇನೆ. ಮೂವತ್ತು ವರ್ಷ ಈ ಕೈಯಿಂದಲೇ ಅನ್ನ ತಿಂದಿದ್ದೇನೆ. ಮೇಸ್ತ್ರಿಯ ಕೈಗುಣವೇ ಹಾಗೆ ಎಂದು ಜನ ಹೇಳುತ್ತಿದ್ದರು.

ಕೈ ಅಪ್ಪನಿಂದ ಬಂದದ್ದು. ಈ ವರ್ಕ್‌ಶಾಪ್ ಅವರದೇ. ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿರುವ, ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಕೂಡ ಅವರದೇ. ಐವತ್ತೆರಡನೆಯ ವಯಸ್ಸಿಗೆ ಅವರ ಕೈ ನಡುಗಲು ಶುರುವಾಯಿತು. ಯಾರಿಗೂ ಕಾಣಬಾರದೆಂದು ಎರಡೂ ಕೈಗಳನ್ನು ಕಂಕುಳಲ್ಲಿ ತುರುಕಿಕೊಂಡು ಗೇಟಿನ ಬಳಿ ಕೂರುತ್ತಿದ್ದರು. ಯಾಕಪ್ಪಾ ಎಂದು ಕೇಳಿದರೆ, ನೆತ್ತಿ ಸುಡುವ ಬೇಸಿಗೆಯಲ್ಲಿ, "ಚಳಿ ಕಣೋ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನನಗೀಗ ಐವತ್ತೊಂದು. ಈ ಲೆಕ್ಕವನ್ನು ನಾನಾಗಲಿ, ನನ್ನ ಜೊತೆಗೇ ಕೆಲಸ ಮಾಡುವ ತಂಗಿಯಾಗಲಿ ಒಂದು ದಿನವೂ ಬಾಯಿ ಬಿಟ್ಟು ಆಡಿದವರಲ್ಲ.

ಬಾಯಿ ಬಿಟ್ಟು ಲೆಕ್ಕ ಆಡುವವರು ನಮ್ಮ ಮೇಡಂ. ವಾರವೆಲ್ಲ ಒಂಬತ್ತನೆಯ ತರಗತಿಯ ಮಕ್ಕಳಿಗೆ ಲೆಕ್ಕ ಕಲಿಸುತ್ತಾರೆ. ರಜೆ ಬಂದರೆ ತಮ್ಮ ಪುಟ್ಟ ಹಳೆಯ ಕಾರನ್ನು ಗುಡ್ಡದ ರಸ್ತೆಯಲ್ಲಿ ಗಡಿಯಾರದ ಮುಳ್ಳಿಗೆ ಪೈಪೋಟಿಯಾಗಿ ಓಡಿಸುತ್ತಾರೆ. ನೋಡಿದರೆ ಈ ಹೆಂಗಸು ಸ್ಕೂಟರನ್ನಾದರೂ ಓಡಿಸುತ್ತಾರೋ ಇಲ್ಲವೋ ಅನ್ನಿಸಬೇಕು, ಹಾಗಿದ್ದಾರೆ. ಅವರ ಎಂಜಿನ್ ಕಟ್ಟಿದ್ದು ನಾನು. ಕ್ಯಾಮ್ ಶಾಫ್ಟ್ ಬದಲಿಸಿದೆ, ಗಾಳಿಯ ಬಾಯಿ ದೊಡ್ಡದು ಮಾಡಿದೆ. ಆ ಬಾಯನ್ನು ಮುಚ್ಚಿ ತೆರೆಯುವ ಥ್ರಾಟಲ್ ಪ್ಲೇಟ್ ಮಾತ್ರ ನನ್ನದಲ್ಲ. ಅದು ಅಪ್ಪ ಲೇತಿನ ಮೇಲೆ ಕೊನೆಯದಾಗಿ ಮಾಡಿದ ಹಿತ್ತಾಳೆಯ ಬಿಲ್ಲೆ. ಇಪ್ಪತ್ತು ವರ್ಷ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. ಮೇಡಂ ಕಾರಿಗೆ ಅಳತೆ ಮಾಡಿಸಿದ ಹಾಗೆ ಕೂತಿತು. ಪೆಟ್ಟಿಗೆಯಲ್ಲಿ ಕೊಳೆಯುವ ಬದಲು ಗುಡ್ಡ ಹತ್ತಲಿ ಎಂದು ಹಾಕಿಬಿಟ್ಟೆ.

ಈ ಭಾನುವಾರ ಅವರಿಗೆ ಓಟವಿತ್ತು. ಅದಕ್ಕೆ ಆರು ದಿನ ಮೊದಲು, ಸೋಮವಾರ, ಕಾರು ತಂದು ನಿಲ್ಲಿಸಿ, "ಓಡೋವಾಗ ಹುಲಿ, ನಿಂತ್ರೆ ಹೆಣ" ಎಂದರು. ಸಿಗ್ನಲ್ಲಿನಲ್ಲಿ ಕಾಲು ತೆಗೆದರೆ ಎಂಜಿನ್ ಆರಿಹೋಗುತ್ತಿತ್ತು. ಓಟದ ಗೆರೆಯ ಮೇಲೂ ಹಾಗೇ ಆದರೆ ಮಾನ ಹೋಗುತ್ತದೆ.

ಇದೇನು ದೊಡ್ಡ ಕಾಯಿಲೆಯಲ್ಲ. ಪೆಡಲಿನಿಂದ ಕಾಲು ತೆಗೆದಾಗ ಪ್ಲೇಟ್ ಮುಚ್ಚಿಕೊಳ್ಳುತ್ತದೆ. ಆಗಲೂ ಎಂಜಿನ್ನಿಗೆ ಜೀವ ಹಿಡಿಯುವಷ್ಟು ಗಾಳಿ ಬೇಕು. ಅದಕ್ಕೊಂದು ಪಕ್ಕದ ದಾರಿ ಇರುತ್ತದೆ, ಆ ದಾರಿಗೆ ಮೋಟರಿನ ಒಂದು ಪುಟ್ಟ ವಾಲ್ವ್ ಕಾವಲು. ಎಂಜಿನ್ ಸೊರಗಿದರೆ ತೆರೆಯುತ್ತದೆ, ಜಾಸ್ತಿ ಕುಣಿದರೆ ಮುಚ್ಚುತ್ತದೆ. ಕಂಪನಿಯ ವಾಲ್ವ್ ಕಂಪನಿಯ ಎಂಜಿನ್ನಿಗೆ ಸರಿ. ನಾನು ಕಟ್ಟಿದ ಪೈಲ್ವಾನನಿಗೆ ಅದು ಮಗುವಿನ ಚಮಚದಲ್ಲಿ ಉಣಿಸಿದ ಹಾಗೆ. ಆದ್ದರಿಂದ ಪಕ್ಕದ ದಾರಿಯನ್ನು ಅಗಲ ಮಾಡಿದೆ. ಪ್ಲೇಟಿನಲ್ಲೇ ಎರಡು ಮಿಲಿಮೀಟರಿನ ಒಂದು ತೂತು ಕೊರೆದೆ. ಅಪ್ಪನ ಬಿಲ್ಲೆಗೆ ಡ್ರಿಲ್ ಇಡುವಾಗ ಮನಸ್ಸು ಹಿಂಜರಿಯಿತು, ಆದರೆ ಅಷ್ಟು ಸಣ್ಣ ತೂತಿನಿಂದ ಏನೂ ಆಗುವುದಿಲ್ಲ. ತಂಗಿ ಲ್ಯಾಪ್‌ಟಾಪ್ ಸಿಕ್ಕಿಸಿ ವಾಲ್ವಿನ ಲೆಕ್ಕ ಬದಲಿಸಿದಳು. ಮಂಗಳವಾರ ಮಧ್ಯಾಹ್ನ ಎಂಜಿನ್ ಆರದೆ, ನಿಮಿಷಕ್ಕೆ ಒಂಬೈನೂರು ಸುತ್ತಿನಲ್ಲಿ ಸ್ಥಿರವಾಗಿ ನಿಂತಿತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಕೊಳವೆಯ ಮೇಲೆ ಕೈ ಇಟ್ಟೆ. ನಡುಕ.

ದೊಡ್ಡದಲ್ಲ. ಸಣ್ಣಗೆ, ಬಿಡದೆ, ಬೆರಳಿನ ಬುಡದಲ್ಲಿ. ಮತ್ತೆ ಇಟ್ಟೆ. ಇದೆ.

"ಆಡ್ತಾ ಇದೆ ಕಣೇ," ಎಂದೆ.

ತಂಗಿ ಪರದೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಟಕಟಕ ಎಂದು ಏನೋ ಒತ್ತಿದಳು. "ಈಗ ನೋಡು ಅಣ್ಣ."

ಈಗ ವಾಸಿ ಅನ್ನಿಸಿತು. ಕಾಲು ಗಂಟೆ ಬಿಟ್ಟು ನೋಡಿದರೆ ಮತ್ತೆ ಅದೇ.

ಬುಧವಾರ ತೂತನ್ನು ಮೂರು ಮಿಲಿಮೀಟರ್ ಮಾಡಿದೆ. ತಂಗಿ ಟಕಟಕ ಒತ್ತಿ "ಈಗ ನೋಡು" ಎಂದಳು. ಗುರುವಾರ ನಾಲ್ಕು ಮಾಡಿದೆ. ಆ ದಿನ ಅವಳು ಬಂದು ಡ್ರಿಲ್ಲಿಗೆ ಅಡ್ಡ ನಿಂತಳು.

"ಇನ್ನು ದೊಡ್ಡದು ಮಾಡೋದು ಬೇಡ ಅಣ್ಣ."

"ಯಾಕೆ?"

"ಸುಮ್ನೆ. ಅಪ್ಪ ಮಾಡಿದ್ದು ಅಲ್ವಾ."

"ಅಪ್ಪ ಮಾಡಿದ್ದು ಅಂತ ಪೂಜೆ ಮಾಡ್ಲಾ? ನಡುಗೋ ಎಂಜಿನ್ ಕೊಟ್ಟು ಕಳಿಸೋಕೆ ನಂಗೆ ಬರಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ. ಏನಾದ್ರೂ ಇದ್ರೆ ಹೇಳು."

ಅವಳು ಪಕ್ಕಕ್ಕೆ ಸರಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೆಲ್ಲ ಗೊತ್ತು. ಆ ವಾರ ಅದಕ್ಕೆ ಮಿತಿಯೇ ಇರಲಿಲ್ಲ. ಸಣ್ಣ ಸ್ಕ್ರೂಗಳು ಕೈಯಿಂದ ಜಾರಿ ಎಂಜಿನ್ನಿನ ಸಂದಿಗೆ ಬೀಳುತ್ತಿದ್ದವು, ನಾನು ಸ್ಕ್ರೂ ಮಾಡಿದವನ ವಂಶವನ್ನು ಬೈಯುತ್ತಿದ್ದೆ. ತಂಗಿ ಸದ್ದಿಲ್ಲದೆ ಆಯಸ್ಕಾಂತದ ಕಡ್ಡಿ ತಂದು ಅವನ್ನು ಎತ್ತಿ ತಾನೇ ಕೂರಿಸುತ್ತಿದ್ದಳು. ಕೆಲವು ತಿಂಗಳಿಂದ ನನ್ನ ಲೋಟಕ್ಕೆ ಅರ್ಧ ಮಾತ್ರ ಟೀ ಹಾಕುತ್ತಿದ್ದಳು. ಸಕ್ಕರೆ ಕಡಿಮೆಯಾಗಲಿ ಅಂತಿರಬೇಕು ಎಂದುಕೊಂಡಿದ್ದೆ. ಏನು ಬೇಕಾದರೂ ಅಂದುಕೊಳ್ಳಲು ತಯಾರಿದ್ದೆ ನಾನು.

ಶುಕ್ರವಾರ ತೂತು ಐದು ಮಿಲಿಮೀಟರ್ ಆಯಿತು. ಕೀಲಿ ತಿರುಗಿಸಿದೆ. ಎಂಜಿನ್ ಸಾವಿರದ ಎಂಟುನೂರಕ್ಕೆ ಏರಿ ಅಲ್ಲೇ ಕೂಗುತ್ತಾ ನಿಂತಿತು. ಕೆಳಗಿಳಿಯಲೊಲ್ಲದು. ತಂಗಿ ಈ ಸಲ ಏನನ್ನೂ ಒತ್ತಲಿಲ್ಲ, ಈಗ ನೋಡು ಎಂದೂ ಅನ್ನಲಿಲ್ಲ.

ಶನಿವಾರ ಹನ್ನೆರಡಕ್ಕೆ ಮೇಡಂ ಬಂದರು. ತಗಡಿನ ಮಾಡು ಕಾದು ಒಳಗೆ ಕುಲುಮೆಯಾಗಿತ್ತು. ಎತ್ತರದ ಫ್ಯಾನು ಕಿರ್ರೆನ್ನುತ್ತಾ ಬಿಸಿ ಗಾಳಿಯನ್ನು ಅತ್ತಿಂದಿತ್ತ ತಳ್ಳುತ್ತಿತ್ತು. ಎಂಜಿನ್ನಿನ ಕೂಗು ಕೇಳಿ ಮೇಡಂ ಬಾಗಿಲಲ್ಲೇ ನಿಂತರು.

"ಏನ್ ಮೇಸ್ತ್ರಿ, ನಿಂತಲ್ಲೇ ಗುಡ್ಡ ಹತ್ತುತ್ತಿದ್ಯಲ್ಲ ಇದು?"

"ನಡುಗ್ತಾ ಇತ್ತು ಮೇಡಂ. ಸರಿ ಮಾಡೋಕೆ ಹೋದೆ."

"ಎಷ್ಟು?"

"ಏನು ಎಷ್ಟು?"

"ಎಷ್ಟು ನಡುಗ್ತಾ ಇತ್ತು? ಸಂಖ್ಯೆ ಹೇಳಿ."

ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದ ಕೈಯನ್ನು ಕಪ್ಪು ಹಲಗೆಯ ಮುಂದೆ ನಿಲ್ಲಿಸಿದ ಹಾಗಾಯಿತು. "ಸಂಖ್ಯೆ ಬೇಕಾ? ಅವಳ ಹತ್ರ ಇದೆ. ತೋರ್ಸೇ," ಎಂದೆ ತಂಗಿಗೆ.

"ಬೇಡ ಅಣ್ಣ."

"ತೋರ್ಸು ಅಂದ್ನಲ್ಲ!"

ಅವಳು ಲ್ಯಾಪ್‌ಟಾಪನ್ನು ನಿಧಾನವಾಗಿ ನಮ್ಮ ಕಡೆ ತಿರುಗಿಸಿದಳು. ಎಂಜಿನ್ ಓಡಿದಾಗಲೆಲ್ಲ ಅದು ತನ್ನಷ್ಟಕ್ಕೆ ಗೆರೆ ಎಳೆದು ಇಟ್ಟುಕೊಂಡಿರುತ್ತದೆ. ಮಂಗಳವಾರದ ಗೆರೆ ಒಂಬೈನೂರರ ಮೇಲೆ ಸ್ಕೇಲ್ ಇಟ್ಟು ಎಳೆದಂತಿತ್ತು. ಬುಧವಾರ ಹಾಗೇ. ಗುರುವಾರವೂ ಹಾಗೇ. ಕೆಳಗೆ ಇನ್ನೊಂದು ಗೆರೆಯಿತ್ತು, ವಾಲ್ವಿನದು. ನಾನು ತೂತು ದೊಡ್ಡದು ಮಾಡಿದಷ್ಟೂ ವಾಲ್ವ್ ಪಾಪ ಅಷ್ಟಷ್ಟೇ ಮುಚ್ಚಿಕೊಳ್ಳುತ್ತಾ ಎಂಜಿನ್ನನ್ನು ಒಂಬೈನೂರರಲ್ಲೇ ಹಿಡಿದಿತ್ತು. ಶುಕ್ರವಾರ ಪೂರ್ತಿ ಮುಚ್ಚಿತ್ತು. ಇನ್ನು ಮುಚ್ಚಲು ಅದಕ್ಕೆ ಏನೂ ಉಳಿದಿರಲಿಲ್ಲ.

"ಮಂಗಳವಾರವೇ ಸರಿ ಇತ್ತಲ್ಲ," ಎಂದರು ಮೇಡಂ.

ನಾನು ತಂಗಿಯನ್ನು ಕೇಳಿದೆ, "ನೀನು ದಿನಾ ಅದೇನು ಟೈಪ್ ಮಾಡ್ತಿದ್ದೆ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಸುಮ್ನೆ ಒತ್ತುತ್ತಿದ್ದೆ. ಏನೂ ಬದಲಾಯಿಸ್ಲಿಲ್ಲ."

ನಾನು ಬಗ್ಗಿ ಕೊಳವೆಯ ಮೇಲೆ ಕೈ ಇಟ್ಟೆ. ನಡುಕ ಇತ್ತು. ಪರದೆ ಏನು ಬೇಕಾದರೂ ಬೊಗಳಲಿ, ನಡುಕ ನನ್ನ ಕೈಗೆ ಸಿಗುತ್ತಿತ್ತು. ನನ್ನ ಕೈ ಯಾವತ್ತೂ ಸುಳ್ಳು ಹೇಳಿದ್ದಲ್ಲ.

"ಆಫ್ ಮಾಡು," ಎಂದೆ.

ತಂಗಿ ಕದಲಲಿಲ್ಲ.

"ಎಂಜಿನ್ ಆಫ್ ಮಾಡೇ!"

ಅವಳು ಕಾರಿನೊಳಗೆ ಕೈ ಹಾಕಿ ಕೀಲಿ ತಿರುಗಿಸಿದಳು. ಕೂಗು ನಿಂತಿತು. ಫ್ಯಾನಿನ ಕಿರ್ರೊಂದೇ ಉಳಿಯಿತು. ನಾನು ಕೊಳವೆಯ ಮೇಲಿಂದ ಕೈ ತೆಗೆದಿರಲಿಲ್ಲ. ಸತ್ತ ಎಂಜಿನ್ನಿನ ಮೇಲೆ, ಬೆರಳಿನ ಬುಡದಲ್ಲಿ, ಸಣ್ಣಗೆ, ಬಿಡದೆ, ಅದು ನಡೆದೇ ಇತ್ತು.

ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ ಗೊತ್ತಿಲ್ಲ. ಕೈ ತೆಗೆದರೆ ಎಲ್ಲರಿಗೂ ಕಾಣುತ್ತದೆ ಎಂದು ಹೆದರಿ ತೆಗೆಯಲಿಲ್ಲ. ಮೇಡಂ ಗೋಡೆಯ ಮೇಲೆ ತೂಗುಹಾಕಿದ ಸ್ಪ್ಯಾನರುಗಳನ್ನು ನೋಡತೊಡಗಿದರು, ಒಂದೊಂದನ್ನೂ ಎಣಿಸುವವರ ಹಾಗೆ.

"ಯಾವಾಗಿಂದ ಗೊತ್ತು ನಿಂಗೆ?" ಎಂದೆ.

"ಎಂಟು ತಿಂಗಳಾಯ್ತು."

"ಹೇಳೋಕೆ ಏನಾಗಿತ್ತು? ಬಾಯಿ ಬಿದ್ದು ಹೋಗಿತ್ತಾ? ಅಪ್ಪನ ಪ್ಲೇಟ್ ನನ್ನ ಕೈಯಾರೆ ಹಾಳು ಮಾಡಿಸಿದ್ಯಲ್ಲೇ!"

ತಂಗಿ ಬೆಂಚಿನ ಮೇಲಿನ ಎಣ್ಣೆ ಬಟ್ಟೆಯನ್ನು ತೆಗೆದು ಮಡಚತೊಡಗಿದಳು. "ಅಪ್ಪನಿಗೆ ನೀನು ಹೇಳಿದ್ಯಲ್ಲ," ಎಂದಳು.

ಹೇಳಿದ್ದೆ. ಆ ದಿನ ತಿರುಗುತ್ತಿದ್ದ ಲೇತಿಗೆ ಅಪ್ಪನ ಅಂಗಿಯ ತೋಳು ಸಿಕ್ಕುವುದರಲ್ಲಿತ್ತು. ನಾನು ಸ್ವಿಚ್ ಆರಿಸಿ, ಕೆಲಸಕ್ಕೆ ಬಂದ ನಾಲ್ಕು ಜನರ ಎದುರಿಗೇ, "ಇನ್ಮೇಲೆ ನೀವು ಇದನ್ನ ಮುಟ್ಬೇಡಿ" ಎಂದಿದ್ದೆ. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಅಳತೆಯ ಕ್ಯಾಲಿಪರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಗೇಟಿನ ಬಳಿ ಹೋಗಿ ಕೂತರು. ಮತ್ತೆ ಒಳಗೆ ಬರಲಿಲ್ಲ. ಅಮ್ಮ ಚಮಚದಲ್ಲಿ ಉಣಿಸುತ್ತಿದ್ದಳು. ಎರಡು ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು.

"ನಂಗಾಗ ಇಪ್ಪತ್ತು," ಎಂದಳು ತಂಗಿ. "ಎಲ್ಲಾ ನೋಡಿದೀನಿ. ಅದೇ ಮಾತು ನಿಂಗೆ ಹೇಳೋಕೆ ನನ್ನ ಕೈಲಾಗ್ಲಿಲ್ಲ ಅಣ್ಣ. ಒಂದು ಪ್ಲೇಟ್ ತಾನೆ, ಹೋದ್ರೆ ಹೋಗ್ಲಿ ಅಂದ್ಕೊಂಡೆ."

ನಾನು ಅವಳ ಮೇಲೆ ಕೂಗಾಡಿದೆ. ಏನೇನು ಅಂದೆನೋ, ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ, "ಇನ್ಮೇಲೆ ನಂಗೆ ಸುಳ್ಳು ಹೇಳ್ಬೇಡ. ನನ್ನ ಮೇಲೆ ಆಣೆ ಮಾಡು," ಎಂದೆ.

"ಆಣೆ. ಹೇಳಲ್ಲ," ಎಂದಳು. ಅವಳ ಗಲ್ಲ ನೆನೆದಿತ್ತು. ಬೆವರೋ ಏನೋ, ಒರೆಸಿಕೊಳ್ಳಲಿಲ್ಲ.

ಆಮೇಲೆ ಪ್ಲೇಟನ್ನು ಬಿಚ್ಚಿದಳು. ಸ್ಕ್ರೂ ಎರಡೇ. ನಾನು ನೋಡುತ್ತಾ ನಿಂತೆ. ಹಿತ್ತಾಳೆಯ ಅಂಚನ್ನು ಅಪ್ಪ ಒಂದು ಕೂದಲಿನಷ್ಟೂ ತಪ್ಪದೆ ಓರೆ ಮಾಡಿದ್ದರು. ನಡುವೆ ನನ್ನ ತೂತು. ನಾಲ್ಕು ಸಲ ಕೊರೆದದ್ದರಿಂದ ಗುಂಡಗೂ ಇರಲಿಲ್ಲ.

"ಬೆಸುಗೆ ಹಾಕಿ ಮುಚ್ಚೋಕಾಗಲ್ವಾ?" ಎಂದರು ಮೇಡಂ.

"ಹಾಕಬಹುದು. ಗುಡ್ಡದ ಅರ್ಧದಲ್ಲಿ ಕಿತ್ಕೊಂಡು ಬಂದ್ರೆ ಎಂಜಿನ್ ನುಂಗುತ್ತೆ. ಅಲ್ಲಿಗೆ ಅದರ ಕತೆ ಮುಗೀತು. ಲೇತಿನ ಮೇಲೆ ಹೊಸದೇ ತಿರುಗಿಸ್ಬೇಕು."

"ಹಾಗಾದ್ರೆ ನಾಳೆ ಇಲ್ಲ ಬಿಡಿ. ಮುಂದಿನ ವರ್ಷ ನೋಡಿದ್ರಾಯ್ತು." ಮೇಡಂ ಲೇತಿನ ಕಡೆ ನೋಡಿ, ಥಟ್ಟನೆ ಕಣ್ಣು ಹೊರಳಿಸಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಲೇತ್ ಕೆಲಸ ಚೆನ್ನಾಗಿ ಮಾಡೋರು ಬೇರೆ ಯಾರಾದ್ರೂ ಗೊತ್ತಾ, ಮೇಸ್ತ್ರಿ?"

ಬೇರೆ ಯಾರಾದರೂ. ಅವರು ಮನಸ್ಸು ನೋಯಿಸಲು ಕೇಳಿದ್ದಲ್ಲ, ಕೆಲಸವಾಗಬೇಕಲ್ಲ ಎಂದು ಕೇಳಿದ್ದು. ನಾನು ಇಬ್ಬರ ಹೆಸರು ಹೇಳಿದೆ. ಇಬ್ಬರಿಗೂ ನಾನೇ ಕೆಲಸ ಕಲಿಸಿದ್ದು. ಮೂವತ್ತು ವರ್ಷ ಇಟ್ಟುಕೊಂಡಿದ್ದ ಜಂಬ ಎಷ್ಟು ಸಲೀಸಾಗಿ ಹೋಯಿತಲ್ಲ ಅನ್ನಿಸಿತು. ನಾಳೆ ಬೆಳಿಗ್ಗೆ ಎದ್ದು ಈ ಷಟರ್ ಎತ್ತಿ ನಾನು ಮಾಡುವುದಾದರೂ ಏನು? ಬೇರೆ ಕೆಲಸ ನನಗೆ ಬರುವುದಿಲ್ಲ.

ಮೇಡಂ ಗಂಡ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗಬೇಕಿತ್ತು. ಅಲ್ಲಿಯವರೆಗೆ ಅವರು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ನಾನು ಟೈರೊಂದರ ಮೇಲೆ ಕೂತೆ. ತಂಗಿ ಬೆಂಚಿನ ಬಳಿ ಅಪ್ಪನ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಯಾಕೆ ಮೇಸ್ತ್ರಿ, ಹಾಗೆ ಕೂತ್ರಿ?" ಎಂದರು ಮೇಡಂ ಇದ್ದಕ್ಕಿದ್ದಂತೆ.

ನೋಡಿಕೊಂಡೆ. ನನ್ನ ಎರಡೂ ಕೈಗಳು ಕಂಕುಳಲ್ಲಿದ್ದವು. ಯಾವಾಗ ಹಾಗೆ ಇಟ್ಟುಕೊಂಡೆನೋ ನನಗೇ ತಿಳಿದಿರಲಿಲ್ಲ.

"ಚಳಿ," ಎಂದೆ.

ಮೇಡಂ ಮೇಲೆ ಕಾದ ತಗಡನ್ನು ನೋಡಿದರು. ತಂಗಿಯ ಕೈ ಬಟ್ಟೆಯ ಗಂಟಿನ ಮೇಲೆ ನಿಂತಿತು. ಸುಳ್ಳು ಹೇಳಲ್ಲ ಎಂದು ಅವಳು ಆಣೆ ಮಾಡಿ ಅರ್ಧ ಗಂಟೆಯಾಗಿರಲಿಲ್ಲ. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಎದ್ದು, ನಮ್ಮಿಬ್ಬರನ್ನೂ ದಾಟಿ ಹೋಗಿ, ಫ್ಯಾನ್ ಆರಿಸಿದಳು.

ಮೂವರೂ ಬೆವರುತ್ತಾ ಕೂತೆವು.