ಕಪ್ಪು ಪದರ

"ಹೆಣದ ಕೈ ಹಿಡ್ಕೊಂಡ ಹಾಗಿದೆ," ಎಂದು ನಾದಿನಿ ಬ್ಯಾಟನ್ನು ಮೇಜಿನ ಮೇಲೆ ಬಿಟ್ಟಳು. ಇಟ್ಟಳು ಎನ್ನುವಂತಿರಲಿಲ್ಲ, ಎಸೆದಳು ಎಂದು ದೂರುವಂತೆಯೂ ಇರಲಿಲ್ಲ. ಆ ಎರಡರ ನಡುವಿನ ಬಗೆಯೊಂದು ಅವಳಿಗೆ ಚೆನ್ನಾಗಿ ಒಲಿದಿತ್ತು. ಬ್ಯಾಟು ಅರ್ಧ ಸುತ್ತು ತಿರುಗಿ, ಹಿಡಿಯನ್ನು ಅತ್ತಿಗೆಯ ಕಡೆಗೆ ಮಾಡಿಕೊಂಡು ನಿಂತಿತು.

ಟೇಬಲ್ ಟೆನಿಸ್ ಕ್ಲಬ್ಬಿನ ಹಾಲಿನಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಹಗುರವಾದ ಚೆಂಡು ಗಾಳಿಗೆ ಓಲುತ್ತದೆಂದು ಆಟ ನಡೆಯುವಷ್ಟು ಹೊತ್ತೂ ಅಲ್ಲಿ ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚುತ್ತಾರೆ. ಸುತ್ತ ನಿಂತವರ ಬೆನ್ನಿಗೆಲ್ಲ ಅಂಗಿ ಅಂಟಿಕೊಂಡಿತ್ತು. ನರ್ಸಮ್ಮ ಹೇಳಿದ ಮೇಲೆ ಮುಗಿಯಿತು, ಹೆಣದ ಕೈ ಹೇಗಿರುತ್ತದೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು ಎಂದು ಯಾರೋ ಅಂದರು. ನಗು ಎದ್ದಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾದಿನಿ ನಗಲಿಲ್ಲ. ಅತ್ತಿಗೆಯೂ ನಗಲಿಲ್ಲ, ಬ್ಯಾಟನ್ನು ಎತ್ತಿಕೊಂಡು, ಅಂಚಿಗೆ ಪೆಟ್ಟಾಗಿದೆಯೇ ಎಂದು ಹೆಬ್ಬೆರಳು ಆಡಿಸಿ ನೋಡಿ, ಚೀಲಕ್ಕೆ ಹಾಕಿಕೊಂಡಳು.

ಅವಳು ಅತ್ತಿಗೆಯಾಗಿದ್ದುದು ನಾದಿನಿಯೊಬ್ಬಳಿಗೇ. ಆದರೆ ಕೇಳಿ ಕೇಳಿ ರೂಢಿಯಾಗಿ ಕ್ಲಬ್ಬಿನಲ್ಲಿ ತಲೆ ನರೆತವರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅವಳು ಆಡುವವಳಲ್ಲ. ಒಂದು ದಿನವೂ ಚೆಂಡು ಹೊಡೆದವಳಲ್ಲ. ಮದುವೆಗೆ ಮುಂಚೆ ಪ್ಲೈವುಡ್ ಮಿಲ್ಲಿನಲ್ಲಿ ಹಲಗೆ ಒತ್ತುವ ಪ್ರೆಸ್ಸಿನ ಮುಂದೆ ನಿಂತು ದುಡಿದವಳು. ಮದುವೆಯಾಗಿ ಬಂದದ್ದೂ ಪ್ರೆಸ್ಸಿರುವ ಮನೆಗೇ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾವ ಕುರ್ಚಿಗಳ ಬೆನ್ನಿಗೆ ಬೇಕಾದ ಹಲಗೆ ಬಾಗಿಸುತ್ತಿದ್ದರು. ಅದರ ಜೊತೆಗೇ ಟೇಬಲ್ ಟೆನಿಸ್ಸಿನ ಬ್ಲೇಡು. ರಬ್ಬರು ಅಂಟಿಸುವ ಮುಂಚಿನ ಬರೀ ಮರಕ್ಕೆ ಆಟದವರು ಬ್ಲೇಡು ಎನ್ನುತ್ತಾರೆ. ಮಾವನ ಕಾಲದಲ್ಲಿ ಅದು ತೆಳು ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು, ಅಷ್ಟೆ. ಹೊಸದು ಯಾವುದೇ ಆಗಲಿ, ಅದರಿಂದ ಮೊದಲ ಚೆಂಡು ಹೊಡೆಯುವವಳು ಅವರ ಮಗಳು, ಈ ನಾದಿನಿ. ಅವಳು ಸ್ವಲ್ಪ ಹೊತ್ತು ಆಡಿ ಒಂದು ಮಾತು ಹೇಳುತ್ತಿದ್ದಳು. ಮುಂದಿನದು ಹೇಗಿರಬೇಕೆಂಬುದು ಆ ಒಂದು ಮಾತಿನಿಂದ ನಿರ್ಧಾರವಾಗುತ್ತಿತ್ತು.

ಮಾವ ಹೋದ ಮೇಲೆ ಗಂಡ ಕುರ್ಚಿಯ ಕೆಲಸ ಹಿಡಿದುಕೊಂಡ. ಬ್ಲೇಡು ಅತ್ತಿಗೆಯ ಪಾಲಿಗೆ ಬಂತು. ಈಗ ಎಲ್ಲರೂ ಕೇಳುವುದು ಕಾರ್ಬನ್ನಿನದನ್ನೇ ಎಂದು ಅವಳು ಕಪ್ಪು ನೂಲಿನ ಆ ಬಟ್ಟೆಯನ್ನು ತರಿಸಿದಳು. ತೆಳ್ಳಗೆ, ಕತ್ತರಿಸಿದರೆ ಕೈಗೆಲ್ಲ ಮುಳ್ಳು ಹತ್ತುವ, ಮರದ ಹಾಳೆಗಳ ನಡುವೆ ಕೂರಿಸಿದರೆ ಚೆಂಡಿಗೆ ವೇಗ ಕೊಡುವ ಬಟ್ಟೆ. ಅದರ ಜೊತೆಗೆ ಹೊಸದೊಂದು ಪದ್ಧತಿಯನ್ನೂ ತಂದಳು. ಬ್ಲೇಡು ಸಿದ್ಧವಾದರೆ ಕ್ಲಬ್ಬಿನ ಹತ್ತು ಜನರ ಕೈಗೆ ಕೊಡುವುದು, ಹತ್ತು ಜನರ ಅಭಿಪ್ರಾಯ ಕೇಳುವುದು. ಒಬ್ಬರ ಕೈ ನಂಬಿಕೊಂಡು ಕಾರ್ಖಾನೆ ನಡೆಸಲಾಗುವುದಿಲ್ಲ ಎಂದು ಗಂಡನಿಗೆ ಹೇಳಿದಾಗ ನಾದಿನಿ ಅಲ್ಲೇ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದಳು. ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೋದವಳು ಆಮೇಲೆ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಅವಳು ಕ್ಲಬ್ಬಿಗೆ ಬರುವುದು ತಡ. ಹಾಗಾಗಿ ಹತ್ತು ಜನರಲ್ಲಿ ಒಬ್ಬಳಷ್ಟೇ ಅಲ್ಲ, ಹತ್ತನೆಯವಳಾದಳು.

ಉಳಿದವರು ಹೇಳಿದ್ದು ತಲೆ ಕೆಡಿಸುವಂತಿತ್ತು. ಚೆಂಡು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ, ಹಿಡಿದು ತರುವುದರಲ್ಲೇ ಸಂಜೆಯಾಗುತ್ತದೆ ಎಂದರು ಹಲ್ಲಿನ ಡಾಕ್ಟರು. ಓಟವೆಲ್ಲಿದೆ, ಏರಿನಲ್ಲಿ ಗಾಡಿ ತಳ್ಳಿದ ಹಾಗಿದೆ ಎಂದ ಬಸ್ಸಿನ ಡ್ರೈವರು. ಡ್ರಿಲ್ ಮೇಷ್ಟರಿಗೆ ಭಾರ ಹೆಚ್ಚಾಗಿ ಮೊಣಕೈ ಹಿಡಿದುಕೊಂಡಿತು. ಅವರ ಡಬಲ್ಸ್ ಜೊತೆಗಾರನಿಗೆ ಅದೇ ಬ್ಯಾಟು ತೀರಾ ಹಗುರವಾಗಿ, ಕೈಯಲ್ಲಿ ಬ್ಯಾಟು ಇದೆಯೋ ಬಿದ್ದುಹೋಯಿತೋ ತಿಳಿಯದಂತಾಯಿತು. ಒಬ್ಬರಿಗೆ ಸದ್ದು ಹಿಡಿಸಲಿಲ್ಲ, ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ ಕೇಳುತ್ತದಂತೆ. ಚೆನ್ನಾಗಿದೆ ಎಂದವನು ಒಬ್ಬನೇ, ಅವನೂ ಪುಕ್ಕಟೆ ಕೊಡುವುದಾದರೆ ಎಂದು ಸೇರಿಸಿದ. ಇವರ ಬೈಗುಳವನ್ನೆಲ್ಲ ಕೂಡಿಸಿ ನೋಡಿದರೆ ಒಂದನ್ನೊಂದು ಹೊಡೆದು ಹಾಕಿ ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ಸೋತಾಗ ಬ್ಯಾಟನ್ನು ಬೈಯುವ ಈ ಜನ ಗೆದ್ದಾಗ ಒಮ್ಮೆಯಾದರೂ ಅದರ ಬೆನ್ನು ತಟ್ಟಿದ್ದನ್ನು ಅತ್ತಿಗೆ ಕಂಡಿರಲಿಲ್ಲ. ಎಲ್ಲಿಯೂ ದೊಡ್ಡ ದೋಷವಿಲ್ಲ, ಇವರಿಗೆ ಹೊಸದು ಒಗ್ಗಿಲ್ಲ ಎಂದು ಅವಳು ತೀರ್ಮಾನಿಸಿದಳು.

ಆದರೆ ನಾದಿನಿಯ ಮಾತು ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಹಾಲಿನ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದವಳ ಹತ್ತಿರ ಅತ್ತಿಗೆ ಹೋಗಿ ನಿಂತಳು.

"ಏನು ಸರಿ ಇಲ್ಲ ಅಂತ ಬಿಡಿಸಿ ಹೇಳು. ಹೆಣ ಅಂದ್ರೆ ನಾನೇನು ಮಾಡ್ಲಿ?"

"ಒಂಬತ್ತು ಜನರನ್ನ ಕೇಳಿದೀರಲ್ಲ ಅತ್ತಿಗೆ," ಎಂದಳು ನಾದಿನಿ, ಲೇಸಿನಿಂದ ಕಣ್ಣು ಎತ್ತದೆ. "ಯಾವ ಕಡೆ ಜಾಸ್ತಿ ಓಟು ಬಿತ್ತೋ ಹಾಗೆ ಮಾಡಿ."

"ನಿನಗೆ ಬ್ಯಾಟಿನ ಮೇಲೆ ಸಿಟ್ಟಿಲ್ಲ. ನನ್ನ ಮೇಲಿದೆ."

"ನಿಮ್ಮ ಮೇಲೂ ಇದೆ," ಎಂದು ನಾದಿನಿ ಎದ್ದಳು.

ಬಿಡಿಸಿ ಹೇಳಬೇಕಾದ ತುರ್ತು ಇತ್ತು. ಮಕ್ಕಳಿಗೆ ಆಟ ಕಲಿಸುವ ಶಾಲೆಯ ಕೋಚು ಅತ್ತಿಗೆಯ ಬ್ಲೇಡೊಂದನ್ನು ತಮ್ಮ ಅತ್ಯಂತ ಚುರುಕಿನ ಹುಡುಗಿಗೆ ಕೊಟ್ಟಿದ್ದರು. ಊರಿನ ಕ್ಲಬ್ಬುಗಳ ಲೀಗು ಮುಗಿಯುವ ತನಕ ಅವಳು ಅದರಲ್ಲೇ ಆಡಲಿ. ಸರಿಹೋದರೆ ಶಾಲೆಯ ಮಕ್ಕಳಿಗೆಲ್ಲ ಅದನ್ನೇ ಕೊಳ್ಳುತ್ತೇವೆ ಎಂದಿದ್ದರು. ಆ ಆರ್ಡರು ಬಂದರೆ ಬ್ಲೇಡಿನ ಕೆಲಸ ಉಳಿಯುತ್ತದೆ, ಬಾರದಿದ್ದರೆ ಪ್ರೆಸ್ಸು ಪೂರ್ತಿ ಕುರ್ಚಿಗೇ ಮೀಸಲು ಎಂದು ಗಂಡ ಜಗಳವಿಲ್ಲದೆ, ಆದರೆ ಎರಡು ಸಲ, ಹೇಳಿ ಆಗಿತ್ತು. ಹುಡುಗಿ ಗೆಲ್ಲುತ್ತಲೇ ಇದ್ದಳು. ಬೀಸಿ ಹೊಡೆದರೆ ಚೆಂಡು ಎದುರಿನವರ ಪಕ್ಕದಲ್ಲಿ ಹಾದುಹೋದದ್ದು ಗೋಡೆಗೆ ತಾಗಿದಾಗಲೇ ಗೊತ್ತಾಗುತ್ತಿತ್ತು. ಕೊನೆಯ ಸುತ್ತಿನಲ್ಲಿ ಅವಳ ಎದುರು ಬಂದವಳು ನಾದಿನಿ.

ಭಾನುವಾರ ಬೆಳಿಗ್ಗೆ ಹಾಲು ತುಂಬಿತ್ತು. ಅತ್ತಿಗೆ ಕೋಚಿನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಆಟಕ್ಕೆ ಮುಂಚೆ ಇಬ್ಬರೂ ಒಬ್ಬರ ಬ್ಯಾಟನ್ನು ಇನ್ನೊಬ್ಬರಿಗೆ ಕೊಟ್ಟು ತೋರಿಸಬೇಕು, ಅದು ಆಟದ ನಿಯಮ. ಹುಡುಗಿ ನಾದಿನಿಯ ಹಳೆಯ ಮರದ ಬ್ಯಾಟನ್ನು ಹಿಂದೆ ಮುಂದೆ ತಿರುಗಿಸಿ ಬೇಗ ಕೊಟ್ಟುಬಿಟ್ಟಳು. ನಾದಿನಿ ಮಾತ್ರ ಹುಡುಗಿಯ ಬ್ಯಾಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದಳು. ಅಲ್ಲಿ ಮೇಲಿನ ಹಾಳೆಯ ಕೆಳಗೇ ಕಪ್ಪು ಗೆರೆ ಕಾಣುತ್ತದೆ. ನೋಡಿ, ಬೆಂಚಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ವಾಪಸು ಕೊಟ್ಟಳು.

ಆಮೇಲೆ ನಡೆದದ್ದು ಆಟದ ಹಾಗಿರಲಿಲ್ಲ. ನಾದಿನಿ ಒಂದು ಸಲವೂ ಜೋರಾಗಿ ಆಟ ಶುರು ಮಾಡಲಿಲ್ಲ. ಚೆಂಡನ್ನು ಬಲೆಯ ಮಗ್ಗುಲಲ್ಲೇ, ಮಲಗಿಸಿದ ಹಾಗೆ ಇಟ್ಟಳು. ಹುಡುಗಿ ಮುಂದಕ್ಕೆ ಬಾಗಿ ಅದನ್ನು ಮೆಲ್ಲಗೆ ಮುಟ್ಟಬೇಕು; ಮುಟ್ಟಿದಳು; ಚೆಂಡು ಮೆಲ್ಲಗೆ ಹೋಗಲಿಲ್ಲ, ಎದೆಯೆತ್ತರಕ್ಕೆ ಪುಟಿದು ನಿಂತಿತು. ನಾದಿನಿ ಅದನ್ನು ಬಡಿದಳು. ಮತ್ತೆ ಮಲಗಿಸಿದಳು, ಮತ್ತೆ ಪುಟಿಯಿತು, ಮತ್ತೆ ಬಡಿದಳು. ಹುಡುಗಿ ಹಿಡಿ ಸಡಿಲ ಮಾಡಿ ನೋಡಿದಳು, ಬೆರಳ ತುದಿಯಲ್ಲಿ ಹಿಡಿದು ನೋಡಿದಳು, ಉಸಿರು ಬಿಗಿ ಹಿಡಿದು ಮುಟ್ಟಿದಳು. ಪ್ರತಿ ಸಲವೂ ಚೆಂಡು ಅದೇ ಎತ್ತರಕ್ಕೆ ಎದ್ದಿತು. ಮೊದಲ ಗೇಮಿನಲ್ಲಿ ಜನ ಚಪ್ಪಾಳೆ ತಟ್ಟಿದರು. ಎರಡನೆಯದರಲ್ಲಿ ತಟ್ಟುವುದನ್ನು ನಿಲ್ಲಿಸಿದರು. ಮಗುವಿನಂಥ ಹುಡುಗಿಗೆ ಹೀಗಾ ಆಡೋದು ಎಂದು ಹಿಂದಿನ ಬೆಂಚಿನಲ್ಲಿ ಡ್ರಿಲ್ ಮೇಷ್ಟರು ಗೊಣಗಿದರು.

ಅತ್ತಿಗೆಗೂ ಮೊದಲು ಬಂದದ್ದು ಸಿಟ್ಟೇ. ನನ್ನ ಮೇಲಿನದನ್ನು ಈ ಹುಡುಗಿಯ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವಳ ಕಿವಿ ಬಿಸಿಯಾಯಿತು. ನಾದಿನಿಯ ಮುಖದಲ್ಲಿ ಗೆಲುವಿನ ಕಳೆ ಹುಡುಕಿದಳು. ಅಲ್ಲಿ ಅದಿರಲಿಲ್ಲ. ಗಾಯ ಎಲ್ಲಿದೆಯೆಂದು ಒತ್ತಿ ಒತ್ತಿ ನೋಡುವವರ ಮುಖ ಅದು. ಅದೇ ಜಾಗಕ್ಕೆ ಮತ್ತೊಂದು ಚೆಂಡು ಬಿತ್ತು, ಪುಟಿಯಿತು. ಆಗ ಅತ್ತಿಗೆ ಹುಡುಗಿಯ ಕೈ ನೋಡುವುದನ್ನು ಬಿಟ್ಟು ಚೆಂಡು ನೋಡತೊಡಗಿದಳು. ಮೆಲ್ಲಗೆ ಮುಟ್ಟಿದರೂ ಗಟ್ಟಿಯಾಗಿ ಹೊಡೆದ ಹಾಗೆ ಏಳುತ್ತದೆ. ಮೇಲಿನ ಹಾಳೆ ಕಾಗದದಷ್ಟು ತೆಳು, ಅದರಡಿಯಲ್ಲೇ ಕಾರ್ಬನ್ನು. ಚೆಂಡಿಗೆ ಮರ ಸಿಗುವುದೇ ಇಲ್ಲ. ಕೈಗೆ ಸುದ್ದಿ ಮುಟ್ಟುವ ಮುಂಚೆಯೇ ಚೆಂಡು ಹೊರಟುಹೋಗಿರುತ್ತದೆ. ಹೆಣದ ಕೈ ಎಂದದ್ದು ಇದನ್ನೇ.

ಸೋತ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿಗೆ ಬಂದಳು. ಕೋಚು ಅವಳ ಮೇಲೆ ಹರಿಹಾಯ್ದರು. ಬಲೆಯ ಹತ್ತಿರದ ಚೆಂಡಿನ ಅಭ್ಯಾಸ ಮಾಡು ಎಂದು ಬಡಿದುಕೊಂಡರೂ ಮಾಡಲಿಲ್ಲ, ಬರೀ ಬೀಸುವುದೇ ಆಟ ಎಂದುಕೊಂಡಿದ್ದೀಯ, ಒಳ್ಳೆಯ ಬ್ಯಾಟು ಕೊಟ್ಟರೂ ಮರ್ಯಾದೆ ಕಳೆದೆ. ಹುಡುಗಿ ತಲೆ ಅಲ್ಲಾಡಿಸುತ್ತಿದ್ದಳು, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ. ಕೋಚು ಅತ್ತಿಗೆಯ ಕಡೆ ತಿರುಗಿ ದನಿ ತಗ್ಗಿಸಿ, ನೀವೇನೂ ತಲೆಗೆ ಹಚ್ಚಿಕೊಳ್ಳಬೇಡಿ, ಆರ್ಡರಿನ ಮಾತು ನಾಳೆ ಮುಗಿಸೋಣ ಎಂದರು.

ಸುಮ್ಮನಿದ್ದರೆ ಸಾಕಿತ್ತು. ಹೂಂ ಎನ್ನುವುದೂ ಬೇಡವಾಗಿತ್ತು. ಎರಡು ಮೇಜಿನಾಚೆ ನಾದಿನಿ ಬೆನ್ನು ಹಾಕಿಕೊಂಡು ನೀರು ಕುಡಿಯುತ್ತಿದ್ದಳು.

"ಅವಳದೇನೂ ತಪ್ಪಿಲ್ಲ," ಎಂದಳು ಅತ್ತಿಗೆ. "ತಪ್ಪು ಹಲಗೇದು. ಮೆಲ್ಲಗೆ ಮುಟ್ಟೋಕೆ ಬರೋದೇ ಇಲ್ಲ ಇದರಲ್ಲಿ. ಯಾರ ಕೈಗೆ ಕೊಟ್ರೂ ಹೀಗೇ ಆಗ್ತಿತ್ತು."

ಕೋಚು ಅವಳನ್ನೇ ನೋಡಿದರು. "ಇಷ್ಟು ದಿನ ನನ್ನ ಮಕ್ಕಳ ಕೈಗೆ ಕೆಟ್ಟ ಮರ ಕೊಟ್ಟಿದ್ರಾ?"

"ಗೊತ್ತಿರಲಿಲ್ಲ."

"ಮಾಡೋರಿಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗಮ್ಮಾ ಗೊತ್ತಿರುತ್ತೆ?" ಎಂದು ಕೋಚು ಹುಡುಗಿಯ ಕೈಯಿಂದ ಬ್ಯಾಟು ಕಿತ್ತುಕೊಂಡು, ರಬ್ಬರನ್ನು ಎರಡೂ ಕಡೆಯಿಂದ ಸರ್ರನೆ ಎಳೆದು ತೆಗೆದು, ಬೋಳು ಬ್ಲೇಡನ್ನು ಅತ್ತಿಗೆಯ ಮಡಿಲಿಗೆ ಹಾಕಿದರು. ಇಂಥ ಕಡೆ ಮಕ್ಕಳನ್ನು ಪ್ರಯೋಗಕ್ಕೆ ಬಿಡಲು ತಮಗೇನು ಬೇರೆ ಕೆಲಸವಿಲ್ಲವೇ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತ ಹೊರಟುಹೋದರು. ನಾದಿನಿ ನೀರು ಕುಡಿಯುವುದನ್ನು ನಿಲ್ಲಿಸಿದ್ದಳು. ತಿರುಗಿ ಮಾತ್ರ ನೋಡಲಿಲ್ಲ.

ವಿಷಯ ಕೇಳಿ ಗಂಡ, ಬಾಯಿ ಮುಚ್ಚಿಕೊಂಡಿರಬಹುದಿತ್ತಲ್ಲ ಎಂದ. ಇರಬಹುದಿತ್ತು ಎಂದಳು. ಮರುದಿನ ಅವಳು ಆ ಬೋಳು ಬ್ಲೇಡನ್ನು ಗರಗಸಕ್ಕಿಟ್ಟು ಅಡ್ಡಕ್ಕೆ ಸೀಳಿ ಬೆಳಕಿಗೆ ಹಿಡಿದಳು. ಆಮೇಲೆ ಹೊಸ ಹಾಳೆಗಳನ್ನು ಹಾಸತೊಡಗಿದಳು. ಮರ ಅದೇ, ಕಪ್ಪು ಬಟ್ಟೆ ಅದೇ, ಅಂಟು ಅದೇ, ಬದಲಾಯಿಸಿದ್ದು ಜಾಗವನ್ನಷ್ಟೆ. ಬಟ್ಟೆಯನ್ನು ಒಳಕ್ಕೆ ಇಳಿಸಿ ನಡುಮರಕ್ಕೆ ತಾಗಿಸಿದಳು, ಅದರ ಮೇಲೆ ಎರಡು ಹಾಳೆ ಮರ ಬರುವ ಹಾಗೆ. ಗಟ್ಟಿಯಾಗಿ ಹೊಡೆದರೆ ಮಾತ್ರ ಚೆಂಡಿನ ಪೆಟ್ಟು ಅಲ್ಲಿಯ ತನಕ ಇಳಿಯಬೇಕು. ಗಂಡ ಕುರ್ಚಿಯ ಅಚ್ಚುಗಳನ್ನು ಪ್ರೆಸ್ಸಿನ ಹತ್ತಿರ ತಂದು ಜೋಡಿಸಿ, ಇದು ಯಾರಿಗೆ ಎಂದು ಕೇಳಿದ. ಯಾರೂ ಕೇಳಿಲ್ಲ ಎಂದು ಅವಳು ಚಕ್ರ ತಿರುಗಿಸಿ ಬಿಗಿ ಮಾಡಿದಳು.

ಈ ಸಲ ಅವಳು ಹತ್ತು ಜನರ ಹತ್ತಿರ ಹೋಗಲಿಲ್ಲ. ನಾದಿನಿ ರಜೆಯ ದಿನ ಬೆಳಿಗ್ಗೆ ಒಬ್ಬಳೇ ಸರ್ವೀಸು ಅಭ್ಯಾಸ ಮಾಡುವುದು ಗೊತ್ತಿತ್ತು. ಹೋಗಿ, ಬ್ಲೇಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಂತಳು. ನಾದಿನಿ ಅದನ್ನು ಮುಟ್ಟದೆ ಬುಟ್ಟಿಯಲ್ಲಿದ್ದ ಚೆಂಡುಗಳೆಲ್ಲ ಮುಗಿಯುವ ತನಕ ಸರ್ವೀಸು ಹಾಕಿದಳು. ಆಮೇಲೆ ಎತ್ತಿಕೊಂಡು ಅಂಚು ನೋಡಿದಳು. ಕಪ್ಪು ಗೆರೆ ಎಲ್ಲಿದೆಯೆಂದು ಹುಡುಕಿ, ಕಂಡುಕೊಂಡಳು. ಕೂತು, ತನ್ನ ಹಳೆಯ ಬ್ಯಾಟಿನಿಂದ ರಬ್ಬರನ್ನು ಮೂಲೆ ಹಿಡಿದು ನಿಧಾನವಾಗಿ ಬಿಡಿಸಿದಳು. ಹೊಸ ಮರಕ್ಕೆ ಹಾಲಿನಂಥ ಅಂಟು ಸವರಿ, ಬಿಳುಪು ಹೋಗಿ ಅದು ತಿಳಿಯಾಗುವುದನ್ನು ಕಾಯುತ್ತ ಕೂತಳು. ಕಾಯುವ ಹೊತ್ತಿನಲ್ಲಿ ಮಾತಾಡಲೇಬೇಕಾಯಿತು.

"ಅಷ್ಟು ಜನರ ಮುಂದೆ ಹಾಗೆ ಮಾಡೋ ಬದಲು ಬಾಯಲ್ಲಿ ಹೇಳಬಹುದಿತ್ತು," ಎಂದಳು ಅತ್ತಿಗೆ.

"ಬಾಯಲ್ಲಿ ಹೇಳಿದ್ದು ಹತ್ತರಲ್ಲಿ ಒಂದಾಗ್ತಿತ್ತು."

"ಆ ಹುಡುಗಿ ಏನು ಮಾಡಿದ್ಲು?"

ನಾದಿನಿ ಅಂಟಿನ ಮೇಲೆ ಬೆರಳಿಟ್ಟು ನೋಡಿದಳು. "ಅವಳ ಮನೆಗೆ ಹೋಗಿದ್ದೆ," ಎಂದಳು. "ಬಾಗಿಲು ತೆಗೀಲಿಲ್ಲ."

ರಬ್ಬರು ಕೂತ ಮೇಲೆ ನಾದಿನಿ ಅತ್ತಿಗೆಯನ್ನು ಮೇಜಿನ ಆಚೆ ನಿಲ್ಲಿಸಿ ಕೈಯಿಂದಲೇ ಚೆಂಡು ಹಾಕಲು ಹೇಳಿದಳು. ಅತ್ತಿಗೆ ಹಾಕಿದಳು. ನಾದಿನಿ ಮುಟ್ಟಿದಳು, ಚೆಂಡು ಬಲೆ ದಾಟಿ, ಅತ್ತಿಗೆಯ ಮುಂದೆ ಮೇಜಿನ ಮೇಲೆ ಎರಡು ಸಲ ಸಣ್ಣಗೆ ಕುಣಿದು ಸುಮ್ಮನಾಯಿತು. ಇನ್ನೊಂದು ಕೇಳಿದಳು. ಮತ್ತೊಂದು. ಆಮೇಲೆ ಒಂದನ್ನು ಬೀಸಿ ಹೊಡೆದಾಗ ಅದು ಅತ್ತಿಗೆಯ ಕಿವಿಯ ಪಕ್ಕದಲ್ಲೇ ಹೋಯಿತು. ಬೇಕೆಂದೇ ಹಾಗೆ ಹೊಡೆದದ್ದು. ಅತ್ತಿಗೆ ಅಲ್ಲಾಡಲಿಲ್ಲ.

ನಾದಿನಿ ಬ್ಯಾಟನ್ನು ತಿರುಗಿಸಿ, ಹಿಡಿಯನ್ನು ಎರಡು ಮೂರು ಸಲ ಬಿಗಿದು ಸಡಿಲಿಸಿದಳು.

"ಹಿಡಿ ದಪ್ಪ," ಎಂದಳು.

"ಹಿಡಿ ಸರಿಯಾಗೇ ಇದೆ. ನಿನ್ನ ಕೈ ಚಿಕ್ಕದು."

"ದಪ್ಪ ಅಂದ್ರೆ ದಪ್ಪ."

ಅತ್ತಿಗೆ ಚೀಲದಿಂದ ಉಜ್ಜುವ ಕಾಗದ ತೆಗೆದು ಕೈ ಚಾಚಿದಳು. ನಾದಿನಿ ಬ್ಯಾಟು ಕೊಡಲಿಲ್ಲ. ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹಿಡಿಯಷ್ಟನ್ನೇ ಹೊರಕ್ಕೆ ಚಾಚಿದಳು. ಅತ್ತಿಗೆ ಬಾಗಿ, ಅವಳ ಹೆಬ್ಬೆರಳ ಪಕ್ಕದಿಂದ ಉಜ್ಜತೊಡಗಿದಳು. ಮರದ ಹುಡಿ ಸಣ್ಣಗೆ ಉದುರಿ ಇಬ್ಬರ ಕೈ ಮೇಲೂ ಕೂತಿತು. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಹುಡಿ ಹಾಗೇ ಉಳಿಯಿತು.