ಹಗೇವಿಗೆ ಬಿಟ್ಟ ಕಂದೀಲು

ಯರಗುಪ್ಪಿಯಲ್ಲಿ ಈಗ ಯಾರೂ ಹಗೇವಿನಲ್ಲಿ ಜೋಳ ಇಡುವುದಿಲ್ಲ. ಮನೆಯ ಮುಂದೆ ನೆಲವನ್ನು ಆಳವಾಗಿ ತೋಡಿ, ಒಳಗೆಲ್ಲ ಜೋಳದ ಒಣದಂಟಿನ ಕಣಿಕಿ ಹೊದಿಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವ ಆ ಕೆಲಸ ಅಜ್ಜಂದಿರ ಕಾಲಕ್ಕೇ ಮುಗಿಯಿತು. ಸಾವ್ಕಾರ ಶಂಭುಲಿಂಗಪ್ಪ ಮಾತ್ರ ಬಿಟ್ಟಿರಲಿಲ್ಲ. ನಮ್ಮ ಮನೆತನದ ಹಗೇವಿನ ಜೋಳವನ್ನು ಅಣ್ಣಿಗೇರಿಯ ವ್ಯಾಪಾರಸ್ಥರು ಹುಡುಕಿಕೊಂಡು ಬರುತ್ತಾರೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುವುದೆಂದರೆ ಅವನಿಗೆ ಹೊಟ್ಟೆ ತುಂಬಿದಂತೆ.

ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಅದಕ್ಕೇ ಕಲ್ಲು ಸರಿಸಿ ಒಂದು ದಿನವಾದರೂ ಬಾಯಿ ತೆರೆದಿಡಬೇಕು. ಆಮೇಲೆ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಕಾಳಿನವರೆಗೂ ಬಿಡಬೇಕು. ದೀಪ ಉಳಿದರೆ ಮನುಷ್ಯ ಇಳಿಯಬಹುದು, ಆರಿದರೆ ಯಾರೂ ಇಳಿಯಬಾರದು. ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ ಇದು. ಕೆಲವು ವರ್ಷಗಳ ಹಿಂದೆ ಅವನು ಹಗೇವು ತೆಗೆಸಿದ ದಿನ ವ್ಯಾಪಾರಸ್ಥನ ಗಾಡಿ ಬಂದು ನಿಂತುಬಿಟ್ಟಿತ್ತು, ಕಲ್ಲು ಸರಿಸಿದ್ದೇ ಅಂದು ಮುಂಜಾನೆ. ಇಳಿದವನು ಪುಂಡಲೀಕ. ಕುರಿ ಕಾಯುವ ಸಾವಂತ್ರೆವ್ವನ ಒಬ್ಬನೇ ಮಗ, ಶಂಭುಲಿಂಗಪ್ಪನ ತಮ್ಮ ಸಂಗನಬಸವನ ಜೀವದ ಗೆಳೆಯ. ಚೀಲ ತುಂಬಲೆಂದು ಸೊಂಟದ ಹಗ್ಗ ಬಿಚ್ಚಿದವನು ಸ್ವಲ್ಪ ಹೊತ್ತಿಗೆ ಅಲ್ಲೇ ಕುಸಿದ. ಅವನನ್ನು ಎತ್ತಲು ಸಂಗನಬಸವ ಹಿಂದೆ ಮುಂದೆ ನೋಡದೆ ಇಳಿದ. ಜನ ಸೇರಿ ಇಬ್ಬರನ್ನೂ ಹೊರಗೆಳೆದಾಗ ಪುಂಡಲೀಕನಲ್ಲಿ ಉಸಿರಿರಲಿಲ್ಲ. ಸಂಗನಬಸವನಲ್ಲಿ ಇದ್ದೂ ಇಲ್ಲದಂತಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಎಷ್ಟೋ ದಿನದ ಮೇಲೆ ಕಣ್ಣು ಬಿಟ್ಟಾಗ ಸಂಗನಬಸವನಿಗೆ ಆ ಮುಂಜಾನೆ ಹಾಸುಗಲ್ಲು ಸರಿಸಿದ ಮೇಲಿನದು ಒಂದು ಚೂರೂ ನೆನಪಿರಲಿಲ್ಲ. ಏನಾಯಿತೆಂದು ಅಣ್ಣನೇ ಹೇಳಿದ, ತಲೆ ಸವರುತ್ತಾ ಹೇಳಿದ. ಕಂದೀಲು ಬಿಟ್ಟವನು ನೀನೇ, ದೀಪ ಉರಿಯುತ್ತಿದೆ ಅಂದವನೂ ನೀನೇ, ಪೊಲೀಸರ ಹತ್ತಿರ ಎಲ್ಲ ಮಾತಾಡಿ ಮುಗಿಸಿದ್ದೇನೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ಗೆಳೆಯನನ್ನು ನಿನ್ನ ಕೈಯಾರೆ ಕೊಂದೆ ಎಂದು ಹೇಳಿ, ಮನಸ್ಸಿಗೆ ಹಚ್ಚಿಕೊಳ್ಳಬೇಡವಂತೆ.

ಮನೆಗೆ ಬಂದವನು ಮೊದಲಿನ ಸಂಗನಬಸವನಾಗಿರಲಿಲ್ಲ. ಕೋಣೆಯೊಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು, ಚಳಿಯಲ್ಲೂ ಕಟ್ಟೆಯ ಮೇಲೆಯೇ ಮಲಗುತ್ತಿದ್ದ. ಯಾರಾದರೂ ಹಳೇ ಜೋಳದ ಚೀಲ ಬಿಚ್ಚಿದರೆ ಸಾಕು, ಆ ವಾಸನೆಗೆ ಎದೆ ಹೊಡೆದುಕೊಂಡು ಮೈ ಬೆವರಿ, ನಿಂತಲ್ಲೇ ಮತ್ತೆ ಆ ಕತ್ತಲೊಳಗೆ ಇರುತ್ತಿದ್ದ. ಎತ್ತಿನ ಹಗ್ಗ ಹಿಡಿದರೆ ಕೈ ಸೆಟೆದುಕೊಳ್ಳುತ್ತಿತ್ತು. ಸಾವಂತ್ರೆವ್ವ ಎದುರಾದಾಳೆಂದು ಅವಳ ಓಣಿಯನ್ನೇ ಬಿಟ್ಟಿದ್ದ. ಹೆಂಡತಿ ದಾನೇಶ್ವರಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದ, ಆಮೇಲೆ ಕೂತು ಅಳುತ್ತಿದ್ದ.

ಅಣ್ಣ ಕೈಬಿಡಲಿಲ್ಲ, ಅದನ್ನು ಊರೆಲ್ಲ ಹೇಳುತ್ತದೆ. ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುತ್ತದ ಗುಡಿಯಿಲ್ಲ, ಕಟ್ಟಿಸದ ತಾಯತವಿಲ್ಲ. ಪುಂಡಲೀಕನ ದೆವ್ವ ಮೆಟ್ಟಿಕೊಂಡಿದೆ, ತಲೆ ಸರಿಯಿಲ್ಲ, ಅವನ ಮಾತಿಗೆ ಯಾರೂ ಬೇಜಾರಾಗಬೇಡಿ ಎಂದು ಕಂಡಕಂಡವರಿಗೆ ತಿಳಿಹೇಳುತ್ತಿದ್ದ. ಇಂಥ ಅಣ್ಣ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಸಂಗನಬಸವನೂ ನಂಬಿದ್ದ.

ದಾನೇಶ್ವರಿ ದುಮ್ಮವಾಡದವಳು. ಮಿಲಿಟರಿಯಿಂದ ಬಂದ ಅವಳ ತವರಿನ ಕಡೆಯವನೊಬ್ಬನಿಗೆ ಇಂಥದೇ ಕಾಟ ಇತ್ತಂತೆ, ಧಾರವಾಡದ ಮನೋವೈದ್ಯರ ಹತ್ತಿರ ಹೋಗಿ ಸುಧಾರಿಸಿದನಂತೆ. ಅವಳು ಆ ಮಾತು ತೆಗೆದ ದಿನ ಸದಾ ಶಾಂತನಾಗಿರುವ ಶಂಭುಲಿಂಗಪ್ಪ ಸಿಡಿದೆದ್ದ. ಹುಚ್ಚರ ದವಾಖಾನೆಯ ಮೆಟ್ಟಿಲು ಹತ್ತಿದರೆ ಮನೆತನದ ಮಾನ ಹೋಗುತ್ತದೆ ಎಂದ. ದಾನೇಶ್ವರಿ ಎದುರು ಮಾತಾಡಲಿಲ್ಲ. ತವರಿಗೆ ಹೋಗುತ್ತೇವೆ ಎಂದು ಹೇಳಿ ಗಂಡನನ್ನು ಸೀದಾ ಧಾರವಾಡದ ಬಸ್ಸು ಹತ್ತಿಸಿದಳು.

ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಇದು ದೆವ್ವವೂ ಅಲ್ಲ, ಹುಚ್ಚೂ ಅಲ್ಲ, ಸಾವಿನ ಬಾಯಿಂದ ಬಂದ ಜೀವ ಇನ್ನೂ ಬೆದರುತ್ತಿದೆ ಅಷ್ಟೇ ಎಂದರು. ನಿದ್ದೆಗೂ ಎದೆಬಡಿತಕ್ಕೂ ಗುಳಿಗೆ ಕೊಟ್ಟರು. ಆದರೆ ನಿಜವಾದ ಮದ್ದು ಬೇರೆ ಇತ್ತು. ಕಣ್ಣು ಮುಚ್ಚಿ, ಆ ದಿನ ಎದ್ದಾಗಿನಿಂದ ನಡೆದದ್ದನ್ನೆಲ್ಲ ಈಗಲೇ ನಡೆಯುತ್ತಿದೆ ಎಂಬಂತೆ ಹೇಳಬೇಕು, ನೆನಪಿದ್ದಷ್ಟು ಸಾಕು, ಹೋದಾಗಲೆಲ್ಲ ಹೇಳಬೇಕು. ಮೊದಮೊದಲು ಸಂಗನಬಸವ ಹಾಸುಗಲ್ಲಿನ ತನಕ ಬಂದು ಎದ್ದು ಹೊರಗೋಡುತ್ತಿದ್ದ. ಡಾಕ್ಟರು ಅವಸರ ಮಾಡಲಿಲ್ಲ. ತಿಂಗಳುಗಳು ಹೋದವು. ಗುಳಿಗೆ ಅಣ್ಣನ ಕಣ್ಣಿಗೆ ಬಿದ್ದಾಗ, ನಿದ್ದೆಯ ಗುಳಿಗೆ ಎಂದಷ್ಟೇ ದಾನೇಶ್ವರಿ ಹೇಳಿದಳು. ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಮಲಗುವಷ್ಟಾದ. ದಾನೇಶ್ವರಿ ಬಹಳ ದಿನದ ಮೇಲೆ ಅವನ ಬಾಯಲ್ಲಿ ತಮಾಷೆ ಮಾತು ಕೇಳಿ ಒಳಗೆ ಹೋಗಿ ಅತ್ತಳು.

ಒಂದು ದಿನ ಹೇಳುತ್ತಾ ಹೇಳುತ್ತಾ ಕಂದೀಲಿನ ಹತ್ತಿರ ಬಂದಾಗ ಡಾಕ್ಟರು ಮೆಲ್ಲಗೆ ಕೇಳಿದರು: "ಆವಾಗ ನಿಮ್ಮ ಕೈಯಾಗ ಏನದ?"

"ಹಗ್ಗ ಐತ್ರಿ," ಎಂದ ಸಂಗನಬಸವ. "ಪುಂಡ್ಯಾನ ಸೊಂಟಕ್ಕ ಕಟ್ಟಾಕತ್ತೇನ್ರಿ. ಎರಡೂ ಕೈಯಾಗ."

ಹೇಳಿದವನೇ ಕಣ್ಣು ಬಿಟ್ಟು ತನ್ನ ಕೈ ನೋಡಿಕೊಂಡ. ಎರಡೂ ಕೈಯಲ್ಲಿ ಗೆಳೆಯನ ಹಗ್ಗವಿದ್ದರೆ ಕಂದೀಲು ಯಾರ ಕೈಯಲ್ಲಿತ್ತು? ಅಷ್ಟೇ ಸಾಕಾಯಿತು, ಉಳಿದದ್ದು ತಾನಾಗಿ ಬಂತು. ಕಂದೀಲು ಬಿಟ್ಟವನು ಅಣ್ಣ. ಅದು ಕೆಳಗೆ ಇಳಿದಿದ್ದೇ ಆರಿತು. ಅಣ್ಣ ಮೇಲೆಳೆದು, ಗಾಳಿಗೆ ಆರಿತು ಎನ್ನುತ್ತಾ ಮನೆಯೊಳಗೆ ಹೋಗಿ ಕಡ್ಡಿಪೆಟ್ಟಿಗೆ ತಂದ. ಮತ್ತೆ ಹೊತ್ತಿಸಿದ. ಈ ಸಲ ಬಾಯಿಯ ಹತ್ತಿರವೇ ಹಿಡಿದು, ನೋಡ್ರಿ, ಉರೀತೈತಿ, ಇಳೀಲಿ ಎಂದ. ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.

ಆ ದಿನ ಡಾಕ್ಟರ ಎದುರು ಸಂಗನಬಸವ ಅತ್ತ ಅಳು ಬೇರೆಯದು. ಎದೆಯ ಮೇಲಿನ ಕಲ್ಲು ಸರಿದಿತ್ತು. ಅದನ್ನು ಇಟ್ಟವರು ಯಾರೆಂಬುದೂ ಕಂಡಿತ್ತು. ಆದರೂ ಅವನಿಗೆ ನಂಬಿಕೆ ಸಾಲಲಿಲ್ಲ. ತಲೆ ಸರಿಯಿಲ್ಲ ಅನ್ನಿಸಿಕೊಂಡು ಅನ್ನಿಸಿಕೊಂಡು ತನ್ನ ತಲೆಯನ್ನು ತಾನೇ ನಂಬದಂತಾಗಿದ್ದ. ಊರಿಗೆ ಬಂದವನೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಶಾರದವ್ವನ ಎದುರು ಕೂತ.

"ಯವ್ವಾ, ಅವತ್ತ ಅಣ್ಣ ಎರಡನೇ ಸಲ ಕಡ್ಡಿಪೆಟಗಿ ಕೇಳಾಕ ಒಳಗ ಬಂದಿದ್ನೇನು?"

ಶಾರದವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಸುಳ್ಳು ಹೇಳಲು ಆಕೆ ಬಾಯಿ ತೆರೆದದ್ದು ಸಂಗನಬಸವನಿಗೆ ಕಂಡಿತು, ಆಗದೆ ಮುಚ್ಚಿಕೊಂಡದ್ದೂ ಕಂಡಿತು.

"ಬಂದಿದ್ದ," ಎಂದಳು. "ಗಾಳಿಗೆ ಆರಿತು ಅಂದ. ಗಾಳಿ ಎಲ್ಲಿತ್ತೋ ಯಪ್ಪಾ, ಎಲಿ ಸುದ್ದಾ ಅಳ್ಳಾಡ್ತಿರಲಿಲ್ಲ."

"ಮತ್ಯಾಕ ನನ್ನ ಹೆಸರು ಹೇಳಿದ್ರಿ?"

"ಡಾಕ್ಟರು ನೀ ಉಳಿಯೂದಿಲ್ಲ ಅಂದಿದ್ರು. ಹೋಗಾಂವನ ಮ್ಯಾಲ ಹಾಕಿದ್ರ ಇರಾಂವರ ಉಳೀತಾನ ಅಂತ ನಾನ ನಿಮ್ಮಣ್ಣಗ ಹೇಳಿದೆ. ನೀ ಉಳಕೊಂಡಿ. ಆಮ್ಯಾಲ ಆ ಮಾತು ತಿರುಗಿ ತಗೊಳ್ಳಾಕ ಬರಲಿಲ್ಲ."

ನೀ ಉಳಕೊಂಡಿ. ಹೆತ್ತ ತಾಯಿ ಅದನ್ನು ಮಗನ ತಪ್ಪೆಂಬಂತೆ ಹೇಳಿದಳು. ಅಣ್ಣನ ಮೋಸವನ್ನು ಧಾರವಾಡದಿಂದ ಬರುವಾಗ ಬಸ್ಸಿನಲ್ಲೇ ನುಂಗಿಕೊಂಡಿದ್ದ ಸಂಗನಬಸವನಿಗೆ ಇದನ್ನು ನುಂಗಲಾಗಲಿಲ್ಲ. ದವಾಖಾನೆಯಲ್ಲಿ ತನ್ನ ಕಾಲ ಬುಡದಲ್ಲಿ ಕೂತು ಅತ್ತವಳು, ಗುಡಿಗುಡಿಯಲ್ಲಿ ಉರುಳು ಸೇವೆ ಮಾಡಿದವಳು, ಎಲ್ಲ ಗೊತ್ತಿದ್ದೇ ಮಾಡಿದಳಲ್ಲ. ಈ ಮನೆಯಲ್ಲಿ ತನ್ನವರೆಂದು ತಾನು ಯಾರನ್ನು ನಂಬಿದ್ದು? ಶಾರದವ್ವ ಮೆಲ್ಲಗೆ, ಮನೆಯ ಮಾತು ಮನೆಯಾಗ ಇರಲಿ ಯಪ್ಪಾ ಎಂದಳು. ಅವನು ಎದ್ದು ಹೊರಟ.

ಸಾವಂತ್ರೆವ್ವ ಕುರಿ ಕೂಡುವ ತಟ್ಟಿಯ ಮುಂದೆ ಕುರಿಮರಿಗೆ ಹಾಲೂಡಿಸುತ್ತಿದ್ದಳು. ಅವನನ್ನು ಕಂಡು ಎದ್ದು ಒಳಗೆ ಹೋಗಲು ತಿರುಗಿದಳು. ಸಂಗನಬಸವ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದ, ಡಾಕ್ಟರ ಎದುರು ಹೇಳಿ ಹೇಳಿ ರೂಢಿಯಾಗಿದ್ದ ಹಾಗೆ, ಮುಂಜಾನೆಯಿಂದ ಹಿಡಿದು ಒಂದೊಂದಾಗಿ. ಮುದುಕಿ ಕಂದೀಲಿನ ಬಗ್ಗೆ ಏನೂ ಕೇಳಲಿಲ್ಲ.

"ಇಳದ ಮ್ಯಾಲ ಏನರ ಅಂದ್ನೇನಪಾ ಅಂವ?" ಎಂದಳು.

ಇಷ್ಟು ವರ್ಷ ಆಕೆಗೆ ಬೇಕಾಗಿದ್ದದ್ದು ಅದೊಂದೇ. ಹೇಳಬಲ್ಲವನು, ಹಗೇವಿನ ಬಾಯಲ್ಲಿ ಹಗ್ಗ ಹಿಡಿದು ನಿಂತವನು, ಊರಲ್ಲಿ ಒಬ್ಬನೇ ಇದ್ದ, ಅವನ ನೆನಪೂ ಹೋಗಿತ್ತು. ಈಗ ಇತ್ತು. "ಲೇ ಸಂಗ್ಯಾ, ಜೋಳ ಮೊನ್ನೆ ತುಂಬಿದಂಗ ಐತಿ, ಅವ್ವಗ ಒಂದ ಮರದ ತುಂಬ ಒಯ್ಯೂಣು, ರೊಟ್ಟಿ ಅಗದಿ ಚಲೋ ಆಕ್ಕಾವು, ಅಂದ ಯವ್ವಾ," ಎಂದ.

ಸಾವಂತ್ರೆವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಅವಳು ಅವನಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದಳು. ಪ್ರತಿ ಸುಗ್ಗಿಗೆ ಶಂಭುಲಿಂಗಪ್ಪ ಅವಳ ಮನೆಗೆ ಒಂದು ಚೀಲ ಜೋಳ ಕಳಿಸುತ್ತಿದ್ದನಂತೆ, ತಮ್ಮನ ಪಾಪಕ್ಕೆ ಎಂದು ಹೇಳಿ. ಬ್ಯಾಡ ಅನ್ನಲು ಹೊಟ್ಟೆ ಬಿಡಲಿಲ್ಲ, ತಿಂದೆ ಎಂದಳು. ಈ ವರ್ಷದ ಚೀಲ ಮೂಲೆಯಲ್ಲಿ ಇನ್ನೂ ಅರ್ಧ ಇತ್ತು. ಅವಳೇ ಎಳೆದು ತಂದಳು. ಒಂದು ಕಡೆ ಅವಳು, ಒಂದು ಕಡೆ ಅವನು ಹಿಡಿದುಕೊಂಡು, ನಟ್ಟನಡು ಹಗಲಲ್ಲಿ ಊರ ನಡುವೆ ಹೊತ್ತು ನಡೆದರು.

ಶಂಭುಲಿಂಗಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ. ಚೀಲವನ್ನು ಅವನ ಮುಂದೆ ಇಳಿಸಿ, ಕಂದೀಲು ಬಿಟ್ಟವನು ಯಾರೆಂದು ಇವರ ಮುಂದೆ ಹೇಳು ಅಣ್ಣ ಎಂದ ಸಂಗನಬಸವ. ಅವನಿಗೆ ಹೊಡೆಯುವಷ್ಟು ಸಿಟ್ಟಿತ್ತು. ಅಣ್ಣ ಹೌದು ಅಂದುಬಿಟ್ಟರೆ ಅಪ್ಪಿಕೊಂಡು ಅಳುವಷ್ಟು ಆಸೆಯೂ ಇತ್ತು.

ಶಂಭುಲಿಂಗಪ್ಪ ಎದ್ದು ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟ. ಎಂದಿನ ಅದೇ ಮೆತ್ತನೆ ದನಿಯಲ್ಲಿ, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ, "ಸಂಗ್ಯಾ, ಇವತ್ತ ಗುಳಿಗಿ ತಗೊಂಡಿಲ್ಲೇನಪಾ?" ಎಂದ.

ಉತ್ತರ ಕೊಟ್ಟವಳು ಸಾವಂತ್ರೆವ್ವ.

"ತಗೊಂಡಾನ್ರಿ ಸಾವ್ಕಾರ್ರ. ಅದಕ್ಕ ಅವಗ ಎಲ್ಲಾ ನೆನಪಾಗೇತಿ."

ಶಂಭುಲಿಂಗಪ್ಪನ ಕೈ ತಮ್ಮನ ಹೆಗಲಿಂದ ಕೆಳಗಿಳಿಯಿತು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ. ಅವನ ಹಿಂದೆ ಉಳಿದವರೂ ಎದ್ದರು.