ನಕ್ಷೆಯಲ್ಲಿ ಹೊನ್ನನಕೊಪ್ಪ

ಕಾನಸೂರು ಪೇಟೆ ದಾಟುತ್ತಲೇ ಫೋನು, “ಎಡಕ್ಕೆ ತಿರುಗಿ, ಜೀತದಕೇರಿ” ಎಂದಿತು. ಕಾರು ಓಡಿಸುತ್ತಿದ್ದ ದಿನಕರ ನಕ್ಕ. “ಇದ್ಕೂ ಗೊತ್ತಿದ್ದು ನೋಡು!”

ಹೆಂಡತಿ ಅಭಿಜ್ಞಾ ನಗಲಿಲ್ಲ. ಅವಳು ಪಾಠ ಹೇಳುವ ಕಾಲೇಜಿನ ವಿದ್ಯಾರ್ಥಿನಿ ರಕ್ಷಿತಾಳ ಅಜ್ಜ ಕೆರಿಯ ತೀರಿಕೊಂಡು ಐದು ದಿನವಾಗಿತ್ತು. ಮನೆಯವರನ್ನು ಮಾತಾಡಿಸಿ ಬರಲು ಹೊರಟಿದ್ದರು.

ಕೆರಿಯನ ಹೆಂಡತಿ ತಿಮ್ಮಿ ಅಂಗಳದಲ್ಲಿ ಚಾಪೆ ಹಾಸಿದಳು. “ಕುಂತ್ಕಳಿ ಅಮ್ಮಾ. ದಾರಿ ಸಿಕ್ತಾ?”

“ಮ್ಯಾಪ್ ಹಾಕ್ಕೊಂಡು ಬಂದ್ವಿ,” ಎಂದ ದಿನಕರ.

“ಅಯ್ಯೋ, ಮುದುಕಂಗೂ ಅದ್ರದ್ದೇ ಹುಚ್ಚು. ‘ಹೆಸ್ರು ಬದಲಾತನೇ, ನೋಡೇ’ ಅಂತ ಈ ಹುಡುಗಿ ಜೀವ ತಿಂತಿದ್ದ.”

ಬಾಗಿಲ ಬಳಿ ನಿಂತಿದ್ದ ರಕ್ಷಿತಾ ತಲೆ ತಗ್ಗಿಸಿಯೇ ವಿವರಿಸಿದಳು. ಕೆರಿಯನ ಅಪ್ಪ ಹೊನ್ನ, ಈ ಕೇರಿಯಲ್ಲಿ ಜೀತ ಬಿಟ್ಟು ಸ್ವಂತ ಗದ್ದೆ ಉತ್ತ ಮೊದಲನೆಯವ. ಇಲ್ಲಿಯವರಿಗೆ ಇದು ಹೊನ್ನನಕೊಪ್ಪ. ಮೇಲಿನ ತೋಟದ ಮನೆಗಳವರಿಗೆ ಮಾತ್ರ ಇನ್ನೂ ಜೀತದಕೇರಿ.

“ಆರು ತಿಂಗಳ ಹಿಂದೆ ಮ್ಯಾಪಲ್ಲಿ ಹೆಸರು ತಿದ್ದೋಕೆ ಕಳಿಸಿದ್ದೆ ಮೇಡಂ. ಯಾರೋ ತಪ್ಪು ಅಂತ ಒತ್ತಿದ್ರು, ಹೋಯ್ತು. ಅಜ್ಜಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ‘ಇನ್ನೂ ನೋಡ್ತಾ ಇದಾರಂತೆ’ ಅಂತಿದ್ದೆ. ಕೊನೇ ದಿನಾನೂ ಹಂಗೇ ಅಂದೆ.”

ಅಭಿಜ್ಞಾಳಿಗೆ ತಾನು ಬರೆದದ್ದು ನೆನಪಾಯಿತು. ನಕ್ಷೆಯ ತಪ್ಪುಗಳನ್ನು ತಿದ್ದುವುದು ಅವಳ ಬಿಡುವಿನ ಹವ್ಯಾಸ. ಒಂದು ಸಂಜೆ ಚಹಾ ಕುಡಿಯುತ್ತ, ‘ಹೊನ್ನನಕೊಪ್ಪ, ಈ ಹೆಸರು ಸರಿಯೇ?’ ಎಂದು ಮ್ಯಾಪ್ ಕೇಳಿದ್ದಕ್ಕೆ ‘ಇಲ್ಲ’ ಒತ್ತಿ, ‘ಹಳೆಯ ದಾಖಲೆಗಳಲ್ಲಿ ಜೀತದಕೇರಿ ಎಂದೇ ಇದೆ’ ಎಂದು ಪದ ಪದ ತೂಗಿ ಬರೆದಿದ್ದಳು.

“ಅದು... ಒತ್ತಿದ್ದು ನಾನೇ,” ಎಂದಳು.

“ಸುಮ್ನಿರು ಮಾರಾಯ್ತಿ, ಈಗೆಂತಕ್ಕೆ ಅದೆಲ್ಲ?” ದಿನಕರ ತಗ್ಗಿದ ದನಿಯಲ್ಲಿ ಗದರಿದ.

“ದಾಖಲೆಯಲ್ಲಿ ಹಾಗೇ ಇತ್ತು, ತಿಮ್ಮಕ್ಕ,” ಎಂದಳು ಅಭಿಜ್ಞಾ.

ತಿಮ್ಮಿ ಸಿಟ್ಟಾಗಲಿಲ್ಲ. “ಇದ್ದಿರ್ಬೋದು ಅಮ್ಮಾ. ಬರೆಯೋವಾಗ ನಮ್ಮನ್ನ ಯಾರೂ ಕೇಳಿರ್ಲಿಲ್ಲ.”

ರಕ್ಷಿತಾ ಎದ್ದು ಒಳಗೆ ಹೋದಳು. ಅವರು ಹೊರಡುವವರೆಗೂ ಹೊರಗೆ ಬರಲಿಲ್ಲ.

ಮನೆಗೆ ಬಂದವಳೇ ಅಭಿಜ್ಞಾ ಮತ್ತೆ ಬರೆದಳು: ‘ಇಲ್ಲಿ ವಾಸಿಸುವವರು ಹೊನ್ನನಕೊಪ್ಪ ಎನ್ನುತ್ತಾರೆ. ಹಿಂದೆ ತಪ್ಪು ಎಂದವಳು ನಾನೇ.’ ಮರುದಿನದಿಂದ ಮೇಲಿನ ತೋಟದ ಮನೆಗಳ ಮೆಟ್ಟಿಲು ಹತ್ತಿ, ಹೊಸ ಹೆಸರಿಗೆ ಫೋನಿನಲ್ಲಿ ‘ಹೌದು’ ಒತ್ತಿ ಎಂದು ಕೇಳಿದಳು. ಕೆಲವರು ಒತ್ತಿದರು. ಕೆಲವರು, “ನಿಂಗೆ ಬೇರೆ ಕೆಲಸ ಇಲ್ಯನೆ?” ಎಂದರು. ದಿನಕರ ಮೂರು ದಿನ ಮಾತು ಬಿಟ್ಟ.

ಕೆರಿಯನ ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಹೆಸರು ಬದಲಾಯಿತು. ಕಾಲೇಜಿನ ಮೆಟ್ಟಿಲಲ್ಲಿ ರಕ್ಷಿತಾಳನ್ನು ಕಂಡು ಅಭಿಜ್ಞಾ, “ನೋಡಿದ್ಯಾ?” ಎಂದಳು.

“ನೋಡ್ದೆ ಮೇಡಂ.” ಹುಡುಗಿ ಚೀಲ ಹೆಗಲಿಗೇರಿಸಿದಳು. “ನೋಡಿದ ಕೂಡ್ಲೇ ಕೂಗಿಬಿಟ್ಟೆ, ಅಜ್ಜಾ, ಬಾ ಇಲ್ಲಿ ಅಂತ.”